ಮೆಡಿಕಲ್ ಆಂಟಿ ತಿರುಗಿ ಜೋಡಿಸಿದ ಕಪಾಟು

ಮೆಡಿಕಲ್ ಆಂಟಿಯ ಕುತ್ತಿಗೆಯಲ್ಲಿ ಎರಡೆಳೆ ಕರಿಮಣಿ ಸರ, ಅದರ ಜೊತೆಗೆ ಬ್ಯಾಂಡೇಜ್ ಬಟ್ಟೆಗೆ ಕಟ್ಟಿದ ಪುಟ್ಟ ಕತ್ತರಿಯೊಂದು ತೂಗುತ್ತಿತ್ತು. ಒಂದು ಮದುವೆಯಲ್ಲಿ ರೇಷ್ಮೆ ಸೀರೆಯ ಮೇಲೂ ಅದು ಹಾಗೇ ಉಳಿದು, ಅವರು ಅಕ್ಷತೆ ಹಾಕಲು ಬಗ್ಗಿದಾಗ ಮದುಮಗಳ ಮೂಗಿನ ಹತ್ತಿರ ಓಲಾಡಿದ್ದನ್ನು ನಾನೇ ನೋಡಿದ್ದೇನೆ. ಹತ್ತು ಮಾತ್ರೆಯ ಪಟ್ಟಿಯಲ್ಲಿ ಯಾರಾದರೂ ನಾಲ್ಕು ಕೇಳಿದರೆ, ಅವಧಿ ಮುಗಿಯುವ ದಿನಾಂಕ ಉಳಿದ ತುಂಡಿನಲ್ಲೇ ಇರುವಂತೆ ಕತ್ತರಿಸುವುದು ಅವರ ಪದ್ಧತಿ. "ಊಟ ಆದ್ಮೇಲೆ ತಗೋಬೇಕು" ಎಂದು ಎರಡು ಸಲ ಹೇಳಿ, ಕನ್ನಡಕದ ಮೇಲಿಂದ ನೋಡಿ, "ಊಟ ಅಂದ್ರೆ ಬನ್ನು ಕಾಫಿ ಅಲ್ಲ ಯಜಮಾನ್ರೇ" ಎಂದೂ ಸೇರಿಸುತ್ತಿದ್ದರು.

ಅತ್ತಿಗುಪ್ಪೆಯ ಬಸ್ ನಿಲ್ದಾಣದ ಎದುರಿಗಿದ್ದ ಅವರ ಔಷಧಿ ಅಂಗಡಿಯಲ್ಲಿ ನಾನು ಪಿಯುಸಿ ಮುಗಿಸಿದಾಗಿನಿಂದ ಸಂಜೆ ಹೊತ್ತು ಕೆಲಸಕ್ಕೆ ನಿಲ್ಲುತ್ತಿದ್ದೆ. ಡಿ.ಫಾರ್ಮಾ ಓದಲು ಸೇರಿದ್ದೂ ಅವರ ಮಾತಿನಿಂದಲೇ. ನಮ್ಮ ಎದುರು ಮನೆಯ ಸುಷ್ಮಾ ಕೂಡ ನನ್ನದೇ ತರಗತಿ. ಡಿಪ್ಲೊಮಾ ಮುಗಿಸಿ ಇಬ್ಬರೂ ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ಬಿ.ಫಾರ್ಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವುದೆಂದು ಮಾತಾಡಿಕೊಂಡಿದ್ದೆವು.

ಫಲಿತಾಂಶ ಬಂತು. ಸುಷ್ಮಾ ಪಾಸು, ನಾನು ಫಾರ್ಮಕಾಲಜಿಯಲ್ಲಿ ಫೇಲು. ಅಂಗಡಿಯಲ್ಲಿ ಒಂದು ದಿನವೂ ನಿಲ್ಲದವಳು ಪಾಸು! ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಅವಳು ಸಿಹಿ ಹಂಚಲು ಬಂದಾಗ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಫೇಲಾದದ್ದು ಹೇಗೆಂದು ನಿಜ ಹೇಳಿಬಿಡುತ್ತೇನೆ. ಒಂದೇ ಔಷಧಿಗೆ ಹತ್ತು ಕಂಪನಿಗಳು ಹತ್ತು ಹೆಸರಿಟ್ಟು ಮಾರುತ್ತವೆ. ಅಂಗಡಿಯಲ್ಲಿ ಓಡುವುದು ಆ ಹೆಸರುಗಳೇ, ಒಳಗಿರುವ ಔಷಧಿಯ ಹೆಸರಲ್ಲ. ಎಲ್ಲ ಗೊತ್ತು ಎಂಬ ಜಂಬದಲ್ಲಿ ನಾನು ಪುಸ್ತಕ ತೆರೆಯದೆ ಹೋಗಿ, ಪರೀಕ್ಷೆಯಲ್ಲಿ ಪುಟಗಟ್ಟಲೆ ಕಂಪನಿ ಹೆಸರುಗಳನ್ನು ಬರೆದು ಬಂದಿದ್ದೆ. ಆಂಟಿಗೆ ಹೇಳಿದಾಗ ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ಪೆದ್ದೇ, ಅವೆಲ್ಲ ಅಡ್ಡಹೆಸರು ಕಣೇ. ಪರೀಕ್ಷೇಲಿ ಕೇಳೋದು ಹುಟ್ಟು ಹೆಸರು!"

ಅಷ್ಟರಲ್ಲಿ ಸೀಟು ಕೊಡಿಸುವ ಒಬ್ಬ ಏಜೆಂಟು ಅಮ್ಮನಿಗೆ ಫೋನ್ ಮಾಡಿದ. ಈಗಲೇ ತರಗತಿಗೆ ಬಂದು ಕೂತುಕೊಳ್ಳಲಿ, ಫೇಲಾದ ವಿಷಯವನ್ನು ಆಮೇಲೆ ಬರೆದು ಪಾಸು ಮಾಡಿಕೊಂಡರಾಯಿತು, ಸೋಮವಾರದೊಳಗೆ ತಿಳಿಸಿ ಎಂದ. ಅಮ್ಮ ನಿರ್ಧಾರವನ್ನು ನನಗೇ ಬಿಟ್ಟಳು. ನಾನು ಹೂಂ ಅಂದುಬಿಡುವವಳೇ ಇದ್ದೆ. ಬಿ.ಫಾರ್ಮಾ ಮೇಲಿನ ಆಸೆಗಲ್ಲ, ಸುಷ್ಮಾ ನನ್ನನ್ನು ಬಿಟ್ಟು ಮುಂದೆ ಹೋಗಬಾರದೆಂಬ ಸಂಕಟಕ್ಕೆ.

ಶನಿವಾರ ಸಂಜೆ ಅಂಗಡಿಗೆ ಒಬ್ಬ ಅಜ್ಜಿ ಚೀಟಿ ಹಿಡಿದು ಬಂದರು. ಅದರಲ್ಲಿ ಡಾಕ್ಟರು ಔಷಧಿಯ ಹುಟ್ಟು ಹೆಸರನ್ನಷ್ಟೇ ಬರೆದಿದ್ದರು. ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮಲ್ಲಿಲ್ಲ ಅಜ್ಜಿ" ಅಂದೆ. ಹತ್ತಿ ಕೊಳ್ಳಲು ಬಂದಿದ್ದ ಸುಷ್ಮಾ ಪಕ್ಕದಲ್ಲೇ ನಿಂತಿದ್ದಳು. ಇಣುಕಿ ನೋಡಿ, "ಬಿಪಿ ಮಾತ್ರೆ ಅಲ್ವೇನೇ? ಆ ಹಳದಿ ಪೆಟ್ಟಿಗೇಲಿ ಅದೇ ಇರೋದು. ನಿನ್ನ ಬೆನ್ನ ಹಿಂದೇನೇ ಇದೆಯಲ್ಲೇ" ಅಂದಳು. ಆ ಹಳದಿ ಪೆಟ್ಟಿಗೆಯಿಂದ ನಾನು ಅದೆಷ್ಟು ಪಟ್ಟಿ ಕತ್ತರಿಸಿ ಕೊಟ್ಟಿದ್ದೆನೋ! ಅವಳು ಕೊಂಕಿಲ್ಲದೆ ಹೇಳಿದ್ದು ನನಗೆ ಇನ್ನಷ್ಟು ಉರಿ ಹತ್ತಿಸಿತು.

ಆಂಟಿ ಆ ಪೆಟ್ಟಿಗೆಯಿಂದ ಪಟ್ಟಿ ತೆಗೆದು ಅಜ್ಜಿಗೆ ಕೊಟ್ಟು ಕಳಿಸಿದರು. ಅಂಗಡಿ ಖಾಲಿಯಾದ ಮೇಲೆ ಸ್ಟೂಲು ಎಳೆದು ನನ್ನನ್ನು ಕೂರಿಸಿದರು.

"ನಿನ್ನ ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ. ತಪ್ಪು ನಂದೂ ಇದೆ. ಪೆಟ್ಟಿಗೆ ಬಣ್ಣ ತೋರಿಸ್ದೆ, ಹೆಸರು ಹೇಳ್ಕೊಡ್ಲಿಲ್ಲ."

"ಈಗ ಸೇರ್ದೆ ಇದ್ರೆ ಒಂದು ವರ್ಷ ಹೋಗುತ್ತೆ ಆಂಟಿ. ಅವ್ಳು ನಂಗೆ ಸೀನಿಯರ್ ಆಗ್ತಾಳೆ."

"ಆಗ್ಲಿ ಬಿಡು. ನೀನು ಹೋಗ್ಬೇಕು ಅಂತಿರೋದು ಓದಕ್ಕಾ, ಅವ್ಳ ಹಿಂದೆ ಓಡಕ್ಕಾ? ಹೊಟ್ಟೆ ಉರಿಗೆ ನನ್ನತ್ರ ಮೂರು ಥರ ಸಿರಪ್ ಇದೆ. ಹೊಟ್ಟೆಕಿಚ್ಚಿಗೆ ಇಲ್ಲ ಕಣೇ."

ಭಾನುವಾರ ಅಮ್ಮನಿಗೆ, ಈ ವರ್ಷ ಸೇರುವುದಿಲ್ಲ ಎಂದು ಹೇಳಿದೆ. ಹೇಳಿ ನಿರಾಳವಾಯಿತು ಎಂದುಕೊಳ್ಳಬೇಡಿ. ಅಂದಿನಿಂದ ಬೆಳಗಿನಿಂದಲೇ ಅಂಗಡಿಯಲ್ಲಿ ಇರತೊಡಗಿದೆ, ದಿನವೂ ಎಂಟೂವರೆಗೆ ಸುಷ್ಮಾ ಬಿಳಿ ಕೋಟನ್ನು ತೋಳಿಗೆ ಹಾಕಿಕೊಂಡು ಎದುರಿಗೇ ಬಸ್ಸು ಹತ್ತುವುದನ್ನು ನೋಡಿದೆ. ಬಸ್ಸು ಕೆಟ್ಟು ನಿಲ್ಲಲಿ ಎಂದು ಶಾಪವನ್ನೂ ಹಾಕಿದ್ದೇನೆ.

ಹೀಗಿರುವಾಗ ಒಂದು ಸೋಮವಾರ ಬಂದು ನೋಡಿದರೆ ಎಡಗಡೆಯ ಕಪಾಟು ಪೂರ್ತಿ ಬದಲಾಗಿತ್ತು. ಕಂಪನಿ ಹೆಸರಿನ ಪ್ರಕಾರ ಇದ್ದ ಪೆಟ್ಟಿಗೆಗಳು ಈಗ ಹುಟ್ಟು ಹೆಸರಿನ ಪ್ರಕಾರ ಕೂತಿದ್ದವು. ಮುಂದಿನ ಸೋಮವಾರ ನಡುವಿನದು, ಆಮೇಲೆ ಬಲಗಡೆಯದು. ಕೇಳಿದರೆ, "ಧೂಳು ಹೊಡೀಬೇಕಿತ್ತು, ಹಂಗೇ ಜೋಡಿಸ್ದೆ" ಎಂದರು. ಮೂವತ್ತು ವರ್ಷ ಕಣ್ಣು ಮುಚ್ಚಿ ಕೈಹಾಕಿ ಮಾತ್ರೆ ತೆಗೆಯುತ್ತಿದ್ದವರು ತಮ್ಮ ಅಂಗಡಿಯಲ್ಲೇ ತಡಕಾಡುವಂತಾಯಿತು. ಗಿರಾಕಿಗಳು ಗೊಣಗಿದರು, ಕೆಲವರು ಮುಂದಿನ ತಿರುವಿನ ಅಂಗಡಿಗೆ ಹೋದರು. ಆಂಟಿ ಮಾತ್ರ, "ಹುಟ್ಟು ಹೆಸರು ಹೇಳು, ಆಮೇಲೆ ಕೈ ಹಾಕು" ಎಂದು ನನ್ನನ್ನು ತಡೆದು ನಿಲ್ಲಿಸಿ ಕೇಳುವುದನ್ನು ಬಿಡಲಿಲ್ಲ. ಪೂರಕ ಪರೀಕ್ಷೆಯಲ್ಲಿ ಪಾಸಾದೆ. ಮರುವರ್ಷ ಅದೇ ಕಾಲೇಜಿಗೆ ಸುಷ್ಮಾಳ ಜೂನಿಯರ್ ಆಗಿ ಸೇರಿದೆ.

ಈಗ ನಾನು ಒಂದು ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದೇನೆ. ಹೋದ ವರ್ಷ ಆಂಟಿ ಹೃದಯಾಘಾತದಿಂದ ತೀರಿಕೊಂಡರು. ಹನ್ನೊಂದನೇ ದಿನದ ಊಟಕ್ಕೆ ಪಂಕ್ತಿಯಲ್ಲಿ ಸುಷ್ಮಾ ನನ್ನ ಪಕ್ಕದಲ್ಲೇ ಕೂತಳು. ಪಲ್ಯ ಬಡಿಸಿ ಹೋದ ಮೇಲೆ ಮೆಲ್ಲಗೆ, "ಈಗ ಹೇಳ್ಬೋದು ಅನ್ಸುತ್ತೆ ಕಣೇ" ಎಂದಳು. "ಆ ಕಪಾಟು ಜೋಡಿಸಕ್ಕೆ ಆಂಟಿ ನನ್ನ ಕರೀತಿದ್ರು. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳ್ಕೊಂಡು ಕೂತ್ಕೋತಿದ್ವಿ. ಪೆಟ್ಟಿಗೆ ಮೇಲಿನ ಸಣ್ಣಕ್ಷರ ಅವ್ರಿಗೆ ಕಾಣ್ತಿರ್ಲಿಲ್ವಲ್ಲ, ನಾನು ಓದ್ತಿದ್ದೆ, ಅವ್ರು ಜೋಡಿಸ್ತಿದ್ರು. ನಿಂಗೆ ಗೊತ್ತಾದ್ರೆ ಎಲ್ಲಾ ಕಿತ್ತು ಬಿಸಾಕ್ತೀಯ, ಹೇಳ್ಬೇಡ ಅಂದಿದ್ರು. ನಂಗೆ ಅಂತ ಮನೆಯಿಂದ ಬಿಸಿಬಿಸಿ ಉಪ್ಪಿಟ್ಟು ಮಾಡ್ಕೊಂಡ್ ಬರೋರು."

ಆಂಟಿಗೂ ಸುಷ್ಮಾಳಿಗೂ ನಾನೆಷ್ಟು ಋಣಿ ಎಂಬುದು ನನಗೆ ಅರ್ಥವಾಗಿದ್ದು ಮನೆಗೆ ಬಂದು, ಅತ್ತು ಮುಗಿದ ಮೇಲೆ. ಎಲೆಯ ಮುಂದೆ ಕೂತಿದ್ದಾಗ ಬಂದದ್ದು ಹೊಟ್ಟೆಕಿಚ್ಚೇ. ಅಷ್ಟು ವರ್ಷ ಅವರ ಪಕ್ಕದಲ್ಲೇ ನಿಂತಿದ್ದ ನನಗೆ ಆಂಟಿ ಒಂದು ದಿನವೂ ಉಪ್ಪಿಟ್ಟು ಮಾಡಿ ತಂದಿರಲಿಲ್ಲ.