ಶಾಂತಮಲ್ಲಮ್ಮ ಬಳಿದ ಪಟ್ಟೆ

ಪಣಕಹಳ್ಳಿಯ ಶಾಂತಮಲ್ಲಮ್ಮನಿಗೆ ಶಾಂತಿ ಇದ್ದದ್ದು ಹೆಸರಿನಲ್ಲಿ ಮಾತ್ರ. ಪಂಚಾಯ್ತಿ ಮೆಂಬರಾದ ಮೇಲಂತೂ ಅವಳ ಗಂಟಲು ಊರಾಚೆಗೂ ಕೇಳುತ್ತಿತ್ತು. ಗಂಡ ಚಿಕ್ಕಬಸಪ್ಪ ಹೊಲದಲ್ಲಿ ಕಳೆ ಕೀಳುತ್ತಲೇ, ಹೆಂಡತಿ ಇವತ್ತು ಯಾರ ಮೇಲೆ ಏರಿಹೋಗಿದ್ದಾಳೆ ಅಂತ ಹೇಳಿಬಿಡುತ್ತಿದ್ದ. ಅಂಥ ಹೆಂಗಸಿಗೂ ಒಂದು ಹೆದರಿಕೆ ಇತ್ತು. ತಾಳವಾಡಿಗೆ ಹೋಗುವ ರಸ್ತೆ.

ಎರಡು ಸಾವಿರದ ಏಳನೇ ಇಸವಿಯಲ್ಲಿ ಆ ರಸ್ತೆಗೆ ಹೊಸ ಟಾರು ಬಿತ್ತು. ಅಗಲ ಮಾಡುತ್ತೇವೆ ಅಂತ ಬಂದವರು ಜನ ನಡೆಯುತ್ತಿದ್ದ ಮಣ್ಣಿನ ಅಂಚನ್ನೂ ನುಂಗಿ, ಟಾರನ್ನು ಚರಂಡಿಯ ತನಕ ಎಳೆದುಬಿಟ್ಟರು. ಗುಂಡಿಗಳಿದ್ದಾಗ ತೆವಳಿಕೊಂಡು ಹೋಗುತ್ತಿದ್ದ ಕೋಸಿನ ಲಾರಿಗಳು ಈಗ ಮೈಮೇಲೆ ದೆವ್ವ ಬಂದ ಹಾಗೆ ಓಡತೊಡಗಿದವು. ನಡೆಯುವವರು ಎಲ್ಲಿ ಕಾಲಿಡಬೇಕು? ಅದನ್ನು ಯಾರೂ ಕೇಳಲಿಲ್ಲ. ಅದೇ ವರ್ಷ ಮಗಳು ರಂಜಿತ ಹನ್ನೊಂದನೇ ಕ್ಲಾಸಿಗೆ ಸೇರಿ, ಸರ್ಕಾರದ ಸೈಕಲ್ ಮನೆಗೆ ಬಂತು. ಬೆಳಿಗ್ಗೆ ಮಂಜಿನಲ್ಲಿ ಊರ ಹುಡುಗಿಯರು ಸಾಲಾಗಿ ಬೆಲ್ಲು ಬಾರಿಸಿಕೊಂಡು ಹೊರಟರೆ ಮಿಕ್ಕ ತಾಯಂದಿರು ಹಿಗ್ಗುತ್ತಿದ್ದರು. ಶಾಂತಮಲ್ಲಮ್ಮ ಮಾತ್ರ ಲಾರಿಗಳ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಸಾಯಂಕಾಲ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿದ ಸದ್ದು ಕೇಳುವ ತನಕ ಒಲೆಯ ಮೇಲೆ ಸಾರು ಸೀದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಪಂಚಾಯ್ತಿಯಲ್ಲಿ ವಿಷಯ ಎತ್ತಿದಾಗ ತಲೈವರ್ ಮಲ್ಲಪ್ಪ ನಕ್ಕುಬಿಟ್ಟ. ಊರು ತಮಿಳುನಾಡಿಗೆ ಸೇರಿದ್ದರಿಂದ ಅಧ್ಯಕ್ಷನನ್ನು ಅಲ್ಲಿ ಕನ್ನಡದವರೂ ತಲೈವರ್ ಅಂತಲೇ ಕರೆಯುವುದು.

“ಏನ್ ಶಾಂತಕ್ಕ, ಲಾರಿಗ ರೋಡು ಸರಿ. ಕಾಲ್ಗೂ ಒಂದು ರೋಡಾ?”

“ಲಾರಿಗ ಜೀವ ಇಲ್ಲ ಕಣಪ್ಪ. ಕಾಲ್ಗ ಅದ,” ಅಂದಳು ಶಾಂತಮಲ್ಲಮ್ಮ.

ಅವಳ ಕಾಟ ತಾಳಲಾರದೆ ಕೊನೆಗೆ ಒಪ್ಪಿದರು. ಚರಂಡಿಯನ್ನು ಹೊಲದ ಕಡೆಗೆ ಸರಿಸಿ, ನಡುವಿನ ಜಾಗಕ್ಕೆ ಗರಸು ಹೊಡೆಸಿ, ಊರಿಂದ ತಾಳವಾಡಿಯ ಮೊದಲ ಮನೆಗಳ ತನಕ ಒಂದು ನಡೆದಾರಿ ಆಯಿತು. ಎರಡು ಸೈಕಲ್ ಜೋಡಿಯಾಗಿ ಹೋಗಬಹುದಾದಷ್ಟು ಅಗಲ. ಲಾರಿಗಳು ಅದರ ಮೇಲೂ ಹತ್ತಬಾರದಲ್ಲ, ಅದಕ್ಕೆ ಟಾರಿಗೂ ದಾರಿಗೂ ನಡುವೆ ಮೊಳಕಾಲೆತ್ತರದ ಕಲ್ಲುಗಳನ್ನು ನೆಡಿಸಿದಳು. ಮಂಜು ಕವಿದರೆ ಕರಿಕಲ್ಲು ಡ್ರೈವರನ ಕಣ್ಣಿಗೆ ಬೀಳುತ್ತದೆಯೇ? ಘಾಟಿಯ ತಿರುವುಗಳಲ್ಲಿ ಬಣ್ಣ ಬಳಿದ ಕಲ್ಲುಗಳನ್ನು ಅವಳು ನೋಡಿದ್ದಳು. ಮನೆಯಲ್ಲಿ ಬಣ್ಣ ಇರಲಿಲ್ಲ, ಸುಣ್ಣ ಮತ್ತು ಕೆಮ್ಮಣ್ಣು ಇತ್ತು. ಸೆರಗು ಸಿಕ್ಕಿಸಿಕೊಂಡು ತಾನೇ ಕೂತು ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ಕೆಂಪು ಅಂತ ಒಂದೊಂದು ಕಲ್ಲಿಗೂ ಬಳಿದಳು. ಆ ಸೀಮೆಯಲ್ಲಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುವುದು ಗುಡಿಯ ಗೋಡೆಗೆ. ಅಷ್ಟು ಚುರುಕು ಹೆಂಗಸಿಗೆ ಅದು ಹೊಳೆಯಲೇ ಇಲ್ಲ ನೋಡಿ!

ಮಾರನೆಯ ಬೆಳಿಗ್ಗೆ ಸೊಪ್ಪು ಮಾರುವ ಪುಟ್ಟಮಾದಮ್ಮ ಮಂಕರಿ ಹೊತ್ತು ಬಂದಳು. ಮೊದಲ ಕಲ್ಲು ಕಂಡದ್ದೇ ನಿಂತಳು. ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು, ಕಲ್ಲಿಗೆ ತಲೆಬಾಗಿ, ಟಾರಿಗೆ ಇಳಿದು ನಡೆದಳು.

“ಯಾಕ್ ಪುಟ್ಟಮಾದವ್ವ, ದಾರಿ ಮಾಡ್ಸಿರದು ಕಾಣ್ನಿಲ್ವಾ?” ಅಂತ ಶಾಂತಮಲ್ಲಮ್ಮ ಕೂಗಿದಳು.

“ಗುಡಿ ಜಾಗ ತುಳಿಯಕಾದದಾ, ಅದ್ರ ಮುಂದ ಚಪ್ಲಿ ಮೆಟ್ಕಂಡು ಓಗಕಾದದಾ ತಾಯಿ?” ಅಂದಳು ಮುದುಕಿ.

ಶಾಂತಮಲ್ಲಮ್ಮ ಬಿದ್ದು ಬಿದ್ದು ನಕ್ಕಳು. ಮನೆಗೆ ಬಂದು ಗಂಡನಿಗೂ ಹೇಳಿ ನಗಿಸಿದಳು. ಆದರೆ ನಗು ಬಹಳ ದಿನ ಉಳಿಯಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಟಾರಿಗೆ ಇಳಿಯತೊಡಗಿದರು. ಸ್ಕೂಲಿನ ಹುಡುಗಿಯರು ಮೊದಮೊದಲು ಮುಟ್ಟಾದ ದಿನ ಮಾತ್ರ ದಾರಿ ಬಿಟ್ಟು ಟಾರಿನ ಮೇಲೆ ಸೈಕಲ್ ಹೊಡೆದರು. ಯಾರು ಇಳಿದರೆ ಯಾಕೆ ಇಳಿದರು ಅಂತ ಊರಿಗೆಲ್ಲ ತಿಳಿಯುತ್ತದಲ್ಲ, ಆ ನಾಚಿಕೆಗೆ ಆಮೇಲೆ ದಿನವೂ ಎಲ್ಲರೂ ಟಾರಿನ ಮೇಲೆಯೇ ಹೋದರು. ರಂಜಿತಳೂ ಹೋದಳು. ಹೊಸ ದಾರಿಯಲ್ಲಿ ಹುಲ್ಲು ಚಿಗುರಿತು. ಪಕ್ಕದಲ್ಲೇ ಲಾರಿಗಳು ಹುಡುಗಿಯರ ಜಡೆ ಹಾರಿಸಿಕೊಂಡು ಹೋಗುತ್ತಿದ್ದವು.

ಇನ್ನು ಕಾದರೆ ಕೆಡುತ್ತದೆ ಅಂತ ಒಂದು ಭಾನುವಾರ ಅವಳು ಪಟ್ಟೆ ಕೆರೆಯಲು ಕುಡುಗೋಲು ಹಿಡಿದು ಹೊರಟಳು. ತಿರುವಿನ ಹತ್ತಿರದ ಕಲ್ಲಿಗೆ ಯಾರೋ ವಿಭೂತಿ ಬಳಿದು, ದಾಸವಾಳ ಇಟ್ಟು, ಕರ್ಪೂರ ಹಚ್ಚಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು, ವಿಭೂತಿಯ ಮೇಲೆ ಕುಡುಗೋಲು ಹೇಗೆ ಇಟ್ಟಾಳು? ಕೈ ಬರಲಿಲ್ಲ. ನಾಳೆ ಸೋಮವಾರ, ನಾಳೆಯೂ ಬೇಡ, ಮಂಗಳವಾರ ಕೆರೆದರಾಯಿತು ಅಂತ ತನಗೆ ತಾನೇ ಹೇಳಿಕೊಂಡು ವಾಪಸು ಬಂದಳು.

ಸೋಮವಾರ ಬೆಳಿಗ್ಗೆ ಎದುರಿನ ಮನುಷ್ಯ ಕಾಣದಷ್ಟು ಮಂಜು. ರಂಜಿತ ಹೊರಟು ಸ್ವಲ್ಪ ಹೊತ್ತಾಗಿತ್ತು. ತಿರುವಿನ ಕಡೆಯಿಂದ ಬ್ರೇಕು ಕಿರುಚಿದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಶಾಂತಮಲ್ಲಮ್ಮ ಪೂಜೆಯ ತಟ್ಟೆ ಬಿಟ್ಟು ಓಡಿದಳು. ಟಾರಿನ ಮೇಲೆ ಸೊಪ್ಪಿನ ಕಟ್ಟುಗಳು ಚೆಲ್ಲಾಡಿದ್ದವು. ಪುಟ್ಟಮಾದಮ್ಮ ಮಗ್ಗುಲಾಗಿ ಬಿದ್ದಿದ್ದಳು, ಉಸಿರಿರಲಿಲ್ಲ. ಕೈಯಲ್ಲಿ ಚಪ್ಪಲಿ ಇನ್ನೂ ಹಾಗೇ ಇತ್ತು. ನನ್ನ ಮಗಳಲ್ಲವಲ್ಲ ಅಂತ ಶಾಂತಮಲ್ಲಮ್ಮನ ಎದೆ ಹಗುರಾಯಿತು. ಹಗುರಾದದ್ದಕ್ಕೆ ಹೇಸಿಗೆ ಬಂದು ಅಲ್ಲೇ ಕುಸಿದು ಅತ್ತಳು.

ಮುದುಕಿಯ ಮಣ್ಣು ಮುಗಿಸಿ ಬಂದ ಜನ ನೇರವಾಗಿ ಆ ಕಲ್ಲಿನ ಮುಂದೆ ಸೇರಿ ಕಾಯಿ ಒಡೆದರು. “ಮೈಲ್ಗೇಲಿ ಯಾರೋ ತುಳ್ದವ್ರ, ಅಮ್ಮ ಬಲಿ ತಕಂಡವ್ಳ,” ಅಂದ ಮಲ್ಲಪ್ಪ. ಕಲ್ಲಿನ ಮೇಲೆ ಒಂದು ಚಪ್ಪರ ಹಾಕಿಸಬೇಕು ಅಂತಲೂ ಮಾತಾಯಿತು.

“ಅಮ್ಮನೂ ಇಲ್ಲ, ಅಯ್ಯನೂ ಇಲ್ಲ ಕಣ್ರಪ್ಪಾ! ಅದು ನಾನು ಬಳ್ದ ಕೆಮ್ಮಣ್ಣು!” ಶಾಂತಮಲ್ಲಮ್ಮ ಕಿರುಚಿದಳು.

“ನಿನ್ ಕೈಲಿ ಬಳ್ಸಿದವ್ಳು ಅಮ್ಮನೇಯ,” ಅಂದ ಮಲ್ಲಪ್ಪ.

ಆ ರಾತ್ರಿ ನಿದ್ದೆ ಬರದೆ ಅವಳು ಒಂದು ತೀರ್ಮಾನಕ್ಕೆ ಬಂದಳು. ಪಾಪ ಬಂದರೆ ತನಗೆ ಬರಲಿ, ಮಗಳು ಉಳಿಯಲಿ. ಬೆಳಿಗ್ಗೆ ಹಾರೆ ಎತ್ತಿಕೊಂಡು ರಂಜಿತಳಿಗೆ ಹೇಳಿದಳು: “ನೋಡವ್ವ, ನಾನು ಮುಂದ ನಡೀತಿನಿ. ಆ ಕಲ್ಲ ಕಿತ್ ಬಿಸಾಕ್ತಿನಿ. ನೀನು ದಾರಿ ಮೇಲೇ ಸೈಕಲ್ ತಕಂಡು ಬಾ. ನಾವಿಬ್ರು ಓದ್ರ ನಾಳಿಂದ ಎಲ್ರೂ ಬತ್ತಾರ.” ಹುಡುಗಿ ಹೆದರುತ್ತಲೇ ಒಪ್ಪಿದಳು.

ಮಂಜು ಇನ್ನೂ ಬಿಟ್ಟಿರಲಿಲ್ಲ. ಹೊಸ ದಾರಿಯ ಹುಲ್ಲು ತುಳಿದುಕೊಂಡು ತಾಯಿ ಮುಂದೆ, ಸೈಕಲ್ ತಳ್ಳಿಕೊಂಡು ಮಗಳು ಹಿಂದೆ. ತಿರುವಿನ ಕಲ್ಲಿನ ಹತ್ತಿರ ಶಾಂತಮಲ್ಲಮ್ಮ ಹಾರೆ ಎತ್ತಿದಳು. ಹಿಂದಿನಿಂದ ಸೈಕಲ್ ಚಕ್ರದ ಸದ್ದು ನಿಂತಿತು.

“ಅವ್ವ.”

“ಏನವ್ವ?”

“ನೀನೇ ಚಪ್ಲಿ ಬುಟ್ಬುಟ್ಟು ಬಂದಿದ್ದೈಯಲ್ಲ.”

ಶಾಂತಮಲ್ಲಮ್ಮ ಬಗ್ಗಿ ನೋಡಿಕೊಂಡಳು. ಬರಿಗಾಲು. ಚಪ್ಪಲಿ ಎಲ್ಲಿ ಬಿಟ್ಟಳೋ, ಯಾವಾಗ ಬಿಟ್ಟಳೋ ಅವಳಿಗೇ ತಿಳಿಯದು. ಎತ್ತಿದ ಹಾರೆ ಎತ್ತಿದ ಹಾಗೇ ಇತ್ತು. ರಂಜಿತ ಕಲ್ಲಿಗೆ ಕೈ ಮುಗಿದು, ಸೈಕಲ್ ಟಾರಿಗೆ ಇಳಿಸಿ ಹತ್ತಿದಳು. ಮಂಜಿನೊಳಗೆ ಅವಳ ಬೆಲ್ಲು ಕೇಳಿತು. ಅದರಾಚೆ, ತಾಳವಾಡಿ ಕಡೆಯಿಂದ, ಲಾರಿಯೊಂದು ಬರುತ್ತಿರುವ ಸದ್ದೂ ಕೇಳಿತು.