ಪಕ್ಕದ ಮನೆಯವನ ಸಹಿ

ಬೆಳಗಿನ ಆರು ಗಂಟೆ. ಉತ್ತರ ಜೋರ್ಡಾನಿನ ಈ ಬೆಟ್ಟದೂರಿನ ಪುರಸಭೆಯ ಹಿಂಬಾಗಿಲನ್ನು ಜವಾನ ದೈಫಲ್ಲಾ ಸದ್ದಾಗದಂತೆ ತೆರೆಯುತ್ತಾರೆ. ಮುಂಬಾಗಿಲ ಕೀಲಿಯೂ ಅವರ ಸೊಂಟದಲ್ಲೇ ಇದೆ. ಆದರೆ ಆ ಬಾಗಿಲೆದುರು ಬಸ್ ನಿಲ್ದಾಣ. ಪಕ್ಕದ ಮನೆಯ ಖಿತಾಮ್ ಮೊನ್ನೆಮೊನ್ನೆಯವರೆಗೂ ಈ ಹೊತ್ತಿಗೆ ಅಲ್ಲೇ ನಿಂತಿರುತ್ತಿದ್ದಳು. ನಾಲ್ಕು ವರ್ಷ ಆಕೆಯ ಕಣ್ಣು ತಪ್ಪಿಸಿ ನಡೆದ ಕಾಲುಗಳಿಗೆ ಬೇರೆ ದಾರಿ ಮರೆತೇಹೋಗಿದೆ.

ಊರಿಗೆಲ್ಲ ಅವರು ಅಬು ರಾಕಾನ್, ಅಂದರೆ ರಾಕಾನನ ಅಪ್ಪ. ಇಪ್ಪತ್ಮೂರು ವರ್ಷದಿಂದ ಇಲ್ಲಿ ಚಹಾ ಕಾಸುತ್ತಾರೆ, ಫೈಲು ಹೊರುತ್ತಾರೆ. ದಿನಕ್ಕೆ ಎಂಬತ್ತು ಲೋಟ ಚಹಾ, ನಡುನಡುವೆ ಏಳು ಮೇಜುಗಳ ಸುತ್ತು. ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಇಲ್ಲಿ ಮನೆಯಲ್ಲೇ ಸಣ್ಣ ಉದ್ಯೋಗ ಹೂಡುವವರ ಪ್ರಾಣ ಏಳು ಮೇಜುಗಳಾಚೆ ಒಂದು ಹಾಳೆಯಲ್ಲಿ ಅಡಗಿರುತ್ತಿತ್ತು. ಅದೇ ನೆರೆಯವರ ಒಪ್ಪಿಗೆ ಪತ್ರ. ಪಕ್ಕದ ಮನೆಯವರು ಸಹಿ ಹಾಕದಿದ್ದರೆ ಪರವಾನಗಿ ಇಲ್ಲ.

"ಹೋದ ವರ್ಷ ಬಂದ ಅರ್ಜಿ ಅರವತ್ತೊಂದು. ಹತ್ತೊಂಬತ್ತು ಆ ಒಂದು ಹಾಳೆಗೇ ನಿಂತುಹೋದವು," ಎನ್ನುತ್ತಾರೆ. "ಹೊಲಿಗೆಯವಳು, ಸಾಬೂನು ಮಾಡೋಳು, ರೇಡಿಯೋ ರಿಪೇರಿಯವನು. ಹೊತ್ತವನು ನಾನು. ಯಾವ ಫೈಲು ಸಾಯುತ್ತೆ ಅಂತ ಕೈಗೇ ಗೊತ್ತಾಗುತ್ತೆ."

ಖಿತಾಮಳ ಫೈಲನ್ನು ಕೊಂದದ್ದು ಮಾತ್ರ ಅವರದೇ ಕೈ.

ಟೈಲ್ಸ್ ಕಾರ್ಖಾನೆಯಲ್ಲಿ ಗಂಡನ ಬೆನ್ನು ಮುರಿದ ವರ್ಷ ಆಕೆ ಮಕ್ದೂಸ್ ಮಾಡಿ ಮಾರಲು ಹೊರಟಿದ್ದಳು. ಎಳೆ ಬದನೆಗೆ ಅಕ್ರೋಟು, ಮೆಣಸಿನಕಾಯಿ ತುಂಬಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿಡುವ ಉಪ್ಪಿನಕಾಯಿ ಅದು. ಒಂದು ತಟ್ಟೆ ಮಕ್ದೂಸ್ ಹಿಡಿದು, ಅರ್ಜಿ ಹಿಡಿದು ದೈಫಲ್ಲಾ ಮನೆಗೆ ಬಂದಳು.

"ಕೂರಿಸಿ ಚಹಾ ಕೊಟ್ಟೆ. ಆಮೇಲೆ 'ವಾಸನೆ ಬರುತ್ತದೆ, ಒಪ್ಪಿಗೆಯಿಲ್ಲ' ಅಂತ ಬರೆದೆ," ಎಂದು ಅವರು ನೆಲ ನೋಡುತ್ತಾರೆ.

ಹೆಂಡತಿ ಫಿದ್ದಾ ಬಿಡುವವಳಲ್ಲ. "ವಾಸನೆಯಂತೆ. ಅವಳು ತಂದ ತಟ್ಟೆ ನೆಕ್ಕಿದ್ದು ಯಾರು, ಬೆಕ್ಕಾ?"

ಖಿತಾಮ್ ಪಕ್ಕದೂರಿನ ಶಾಲೆಯ ನೆಲ ಒರೆಸಲು ಬಸ್ಸು ಹತ್ತಿದಳು. ವರ್ಷ ಕಳೆಯುವಷ್ಟರಲ್ಲಿ ದೈಫಲ್ಲಾರಿಗೆ ತಾನು ಬರೆದದ್ದು ತಪ್ಪೆಂದು ಅನಿಸತೊಡಗಿತು. ಸಹಿ ಮಾಡಿಕೊಡುತ್ತೇನೆಂದು ಹೋದರು. ಆಕೆ ಹೊಸಿಲಲ್ಲೇ ತಡೆದಳು.

"ಅಬು ರಾಕಾನ್, ಒಪ್ಪಿಗೆ ಅಂದ್ರೆ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದಂತೆ. ನಾನು ಸಾಲ ಮಾಡಿ ಬಾಟಲಿ ತಂದ ಮೇಲೆ ನಿಮಗೆ ಮತ್ತೆ ವಾಸನೆ ಬಂದ್ರೆ?"

ಅಂದಿನಿಂದ ದೈಫಲ್ಲಾ ಪುರಸಭೆಯ ಒಂಬತ್ತು ಮಂದಿ ಸದಸ್ಯರಿಗೂ ಚಹಾದ ಜೊತೆ ಒಂದೇ ಮಾತು ಬಡಿಸತೊಡಗಿದರು: ಆ ಹಾಳೆ ತೆಗೆದುಹಾಕಿ. ನೆರೆಯವರಿಗೆ ನಿಜವಾಗಿ ತೊಂದರೆಯಾದರೆ ದೂರು ಕೊಡಲಿ, ನೀವು ಹೋಗಿ ನೋಡಿ. ಮೊದಲೇ ಕತ್ತು ಹಿಸುಕುವ ಹಕ್ಕು ಯಾಕೆ?

"ಸಕ್ಕರೆಯನ್ನ ಚಹಾಕ್ಕೆ ಹಾಕಪ್ಪ, ಕಾನೂನಿಗೆ ಹಾಕಬೇಡ," ಎಂದು ನಕ್ಕವರೇ ಎಲ್ಲ. ಮೂರು ವರ್ಷ ನಕ್ಕರು.

ಕಳೆದ ತಿಂಗಳು ಆ ವಿಷಯ ಕೊನೆಗೂ ಸಭೆಗೆ ಬಂತು. ಹಿರಿಯ ಸದಸ್ಯರೊಬ್ಬರು ಹಳೇ ಫೈಲು ಎತ್ತಿ ಹಿಡಿದು, "ಕಾರಣವಿಲ್ಲದೆ ಯಾವ ನೆರೆಯವನು ಬೇಡ ಅಂತಾನೆ? ನೋಡಿ, ಇಲ್ಲೇ ಬರೆದಿದೆ, ವಾಸನೆ," ಎಂದರು.

ದೈಫಲ್ಲಾ ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಅದು ನನ್ನ ಅಕ್ಷರ, ಸ್ವಾಮಿ. ವಾಸನೆ ಇರಲಿಲ್ಲ."

"ಮತ್ತೆ?"

"ಬೀದಿಯಲ್ಲಿ ಮಕ್ದೂಸ್ ಅಂದ್ರೆ ನಮ್ಮನೆಯವಳದು ಅಂತಿದ್ರು. ಖಿತಾಮಳದು ಇನ್ನೂ ಚೆನ್ನಾಗಿತ್ತು. ಹೊಟ್ಟೆಕಿಚ್ಚು."

ಚಹಾ ಆರುವವರೆಗೆ ಯಾರೂ ಲೋಟ ಮುಟ್ಟಲಿಲ್ಲ. ಬಳಿಕ ಆರು ಕೈ ಮೇಲೆದ್ದವು, ಮೂರು ಏಳಲಿಲ್ಲ. ಹಾಳೆ ರದ್ದಾಯಿತು.

ಖಿತಾಮಳ ಪರವಾನಗಿಯನ್ನು ಅವರೇ ಒಯ್ದರು. ಆಕೆ ಒಳಗೆ ಬನ್ನಿ ಎನ್ನಲಿಲ್ಲ. ಈ ಬೆಟ್ಟದಲ್ಲಿ ಶತ್ರುವನ್ನೂ ಒಳಗೆ ಕರೆಯುತ್ತಾರೆ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಮ್ಮ ಸಹಿ ಎಲ್ಲೂ ಇಲ್ಲ ತಾನೇ?" ಎಂದಳು.

"ಇಲ್ಲಮ್ಮ."

"ಹಾಗಾದ್ರೆ ಅಡುಗೆಮನೆ ಗೋಡೆಗೆ ಹಾಕಬಹುದು."

ಈಗ ಆಕೆಯ ಬಾಗಿಲಲ್ಲಿ ಗುರುವಾರ, ವಾರದ ರಜೆಯ ಹಿಂದಿನ ದಿನ, ಗಿರಾಕಿಗಳು ಸಾಲುಗಟ್ಟುತ್ತಾರೆ. ಪುರಸಭೆಯಲ್ಲಿ ಅಬು ರಾಕಾನರನ್ನು ಹೊಗಳುವವರೂ ಹುಟ್ಟಿಕೊಂಡಿದ್ದಾರೆ. ಅವರಿಗೆ ಆ ಮಾತು ಮೈಗೆ ಮುಳ್ಳು ಚುಚ್ಚಿದಂತೆ.

"ಹೊಗಳೋದು ಏನಿದೆ? ನಾನೇ ಹಾಕಿದ ಬೀಗ, ನಾಲ್ಕು ವರ್ಷ ಅವಳು ಹೊರಗೆ ನಿಂತಳು," ಎನ್ನುತ್ತಾ ಲೋಟ ತೊಳೆಯುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ತೊಳೆದ ಲೋಟ ಬೋರಲು ಹಾಕಿ ಹೇಳುತ್ತಾರೆ:

"ಎಲ್ಲರ ಹಾಗೆ ಆ ಸಾಲಲ್ಲಿ ನಿಂತು ಒಂದು ಬಾಟಲಿ ಕೊಳ್ಳಬೇಕು ಅಂತಿದೆ. ಅವಳು 'ನಿಮಗೆ ಕೊಡೋಲ್ಲ' ಅಂದ್ರೂ ಸರಿಯೇ. ಹಾಗನ್ನೋ ಹಕ್ಕು ಈಗ ಅವಳದು."