ಬೀಗರ ಮನೆಯಲ್ಲಿ ಬಾಯಿಬಿಡದ ನೋವು

ಹಾರನಹಳ್ಳಿಯಿಂದ ಮಾದಿಹಳ್ಳಿಗೆ ಬಸ್ಸಿನಲ್ಲೇ ಹೋಗಬಹುದಿತ್ತು. ಮಗಳನ್ನು ಕೊಟ್ಟ ಮನೆಗೆ ಮೊದಲ ಸಲ ಒಬ್ಬಳೇ ಹೊರಟವಳಿಗೆ, ಹೊಸದಾಗಿ ಕಲಿತ ಸ್ಕೂಟಿಯಲ್ಲೇ ಹೋಗಿ ಇಳಿಯಬೇಕೆಂಬ ಜಂಬ. ಹಳೇಬೀಡಿನ ಹತ್ತಿರ ಯಾರೋ, ಗಾಡಿಗಳು ಹರಿದು ಕಾಳು ಉದುರಲೆಂದು ಹುರುಳಿಯನ್ನು ರಸ್ತೆಗೇ ಹರಡಿದ್ದರು. ಅದರ ಮೇಲೆ ಚಕ್ರ ಜಾರಿ ಬಿದ್ದೆ. ಹ್ಯಾಂಡಲ್ಲು ಎಡಪಕ್ಕೆಗೆ ಗುದ್ದಿತು.

"ಏಟಾಯ್ತೇನ್ರವ್ವಾ?" ಎಂದಳು ಹುರುಳಿ ತಿರುವುತ್ತಿದ್ದ ಹೆಂಗಸು. ಮೈಮೇಲೆ ಒಂದು ತೊಟ್ಟು ರಕ್ತವಿಲ್ಲ. "ಏನಿಲ್ಲ ಕಣವ್ವ" ಎಂದು ಸೀರೆ ಕೊಡವಿಕೊಂಡು ಹೊರಟೆ.

ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಬೀಗಿತ್ತಿ ಎಲೆ ಹಾಕಿ ಕಾಯುತ್ತಿದ್ದರು. ಬೀಗರ ಮನೆಗೆ ಕಾಲಿಟ್ಟ ತಕ್ಷಣ ಬಿದ್ದೆ, ನೋವು, ಮಲಗುತ್ತೇನೆ ಎನ್ನುವುದುಂಟೇ? ಹೆಣ್ಣಿನ ತಾಯಿ ಬಂದಿದ್ದೇ ಕಾಯಿಲೆ ಹೊತ್ತುಕೊಂಡು ಎಂದುಕೊಂಡಾರು! ಏಟು ಬಿದ್ದದ್ದು ಪಕ್ಕೆಗಾದರೂ ಅದೇಕೋ ಎಡಭುಜ ಕಿತ್ತುಹೋಗುವಂತೆ ನೋಯುತ್ತಿತ್ತು, ಆದರೂ ಬಡಿಸಿದ ಒಬ್ಬಟ್ಟನ್ನೆಲ್ಲ ತಿಂದೆ. ಕೈ ತೊಳೆಯಲು ಎದ್ದವಳು ಬಚ್ಚಲ ಬಾಗಿಲಲ್ಲೇ ಕುಸಿದೆ.

ಹಾಸನದ ಆಸ್ಪತ್ರೆಯವರೆಗೂ ಬೀಗಿತ್ತಿಯ ತೊಡೆಯ ಮೇಲೆ ನನ್ನ ತಲೆ. ಅಲ್ಲಿ ಆಕೆ ಡಾಕ್ಟರಿಗೆ ಕೈ ಮುಗಿದು, "ನನ್ ಅಡಿಗೇಲೇ ಏನೋ ಹೆಚ್ಚುಕಮ್ಮಿ ಆಗೈತೆ ಸ್ವಾಮಿ, ಹೆಂಗಾದ್ರೂ ಉಳಿಸ್ಕೊಡಿ" ಎಂದು ಅಳತೊಡಗಿದರು. ಅಯ್ಯೋ, ನಾಚಿಕೆಯಿಂದ ಸತ್ತೇಹೋದೆ.

"ಅಡುಗೇದಲ್ಲ ಡಾಕ್ಟ್ರೇ. ಬೆಳಿಗ್ಗೆ ಗಾಡಿಯಿಂದ ಬಿದ್ದೆ" ಎಂದೆ.

"ಇಷ್ಟೊತ್ತೂ ಯಾಕಮ್ಮಾ ಬಾಯಿ ಮುಚ್ಕೊಂಡಿದ್ರಿ?" ಎಂದು ಡಾಕ್ಟರು ರೇಗಿದರು.

ಸ್ಕ್ಯಾನ್ ಮಾಡಿದರೆ, ಎಡಪಕ್ಕೆಯೊಳಗಿನ ಗುಲ್ಮ, ಅದೇ ಸ್ಪ್ಲೀನ್ ಅಂತಾರಲ್ಲ, ಅದು ಸೀಳಿ ಹೊಟ್ಟೆಯಲ್ಲಿ ರಕ್ತ ಸೋರುತ್ತಿತ್ತು. ತೊಡೆಸಂದಿಯ ರಕ್ತನಾಳದಿಂದ ತೆಳ್ಳನೆಯ ನಳಿಕೆಯೊಂದನ್ನು ಗುಲ್ಮದ ನಾಳದವರೆಗೂ ಒಯ್ದು, ಅಲ್ಲಿ ಸಣ್ಣ ಲೋಹದ ಸುರುಳಿಗಳನ್ನಿಟ್ಟು ಹರಿವು ತಡೆಯುತ್ತೇವೆ, ಅದಕ್ಕೂ ನಿಲ್ಲದಿದ್ದರೆ ಹೊಟ್ಟೆ ಕೊಯ್ಯದೆ ಗತ್ಯಂತರವಿಲ್ಲ ಎಂದರು. ಆ ಜಾಗವನ್ನಷ್ಟೇ ಮರಗಟ್ಟಿಸಿದ್ದರಿಂದ ಎಚ್ಚರವಾಗಿಯೇ ಇದ್ದೆ. ಸಾವಿನ ಭಯವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೊರಗೆ ಕೂತಿರುವ ಬೀಗಿತ್ತಿಗೆ ಹೇಗೆ ಮುಖ ತೋರಿಸಲಿ ಎಂಬುದೇ ಹೆಚ್ಚು ಕೊರೆಯುತ್ತಿತ್ತು. ಕೊನೆಗೆ ಡಾಕ್ಟರು, "ರಕ್ತ ನಿಂತಿದೆ" ಎಂದರು.

ವಾರ್ಡಿಗೆ ಬಂದ ಬೀಗಿತ್ತಿ ನನ್ನ ಕೈ ಹಿಡಿದು ಕೂತರು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಅಲ್ಲಕ್ಕಾ, ಒಂದ್ ಗಳಿಗೆ ಒರಗಿಕೊಳ್ಳಾಕೆ ನಮ್ಮನೇಲಿ ಒಂದು ಚಾಪೆ ಇರ್ಲಿಲ್ವಾ?" ಎಂದರು.

ನಳಿಕೆ ತೂರಿಸಿದ್ದ ಕಾಲನ್ನು ಮಡಚಬಾರದೆಂದು ಹೇಳಿದ್ದರಿಂದ ಮಗ್ಗುಲು ತಿರುಗುವಂತಿರಲಿಲ್ಲ. ಮುಖ ಮುಚ್ಚಿಕೊಳ್ಳೋಣವೆಂದರೆ ಆಸ್ಪತ್ರೆಯ ಅಂಗಿಗೆ ಸೆರಗೆಲ್ಲಿ?